ಉಕಾರದ ಕತ್ತರಿ

ಜನವರಿ 8

ಹೊಸ ಬ್ಯಾಚ್ ಶುರುವಾಯಿತು. ಮುಂದಿನ ಕೋಣೆಯ ಸೋಫಾವನ್ನು ಗೋಡೆಗೆ ತಳ್ಳಿ, ಚಾಪೆ ಹಾಸಿ, ಬಾಗಿಲಿಗೆ ‘ಇಲ್ಲಿ ಇಂಗ್ಲಿಷ್ ಮಾತ್ರ’ ಎಂಬ ಬೋರ್ಡ್ ತೂಗುಹಾಕಿದೆ. ಆ ಬೋರ್ಡ್ ಓದಬಲ್ಲ ಮಕ್ಕಳಿಗೆ ನನ್ನ ಕ್ಲಾಸ್ ಬೇಕಿಲ್ಲ, ಬೇಕಿರುವ ಮಕ್ಕಳಿಗೆ ಓದಲು ಬರುವುದಿಲ್ಲ. ಇರಲಿ, ಮಕ್ಕಳಿಗೆ ನಾನೇ ಓದಿ ಹೇಳುತ್ತೇನೆ, ಅದಿರುವುದು ಅಪ್ಪ ಅಮ್ಮಂದಿರಿಗಾಗಿ.

ನಮ್ಮವರ ಬಾಯಿಗೆ ಹಿಡಿದ ದೊಡ್ಡ ರೋಗ ಉಕಾರ. ಬಸ್ ಎಂದು ಹೇಳಿ ಸುಮ್ಮನಾಗಲು ಆಗುವುದಿಲ್ಲ, ಬಸ್ಸು. ಬುಕ್ ಅಲ್ಲ, ಬುಕ್ಕು. ಬ್ರೇಕ್ ಹಾಕಿದ ಮೇಲೂ ಒಂದು ಮಾರು ಮುಂದೆ ಹೋಗಿಯೇ ನಿಲ್ಲುವ ಜನ ನಾವು. ಕಾಲೇಜಿನಲ್ಲಿ ನಾನು ಎದ್ದು ನಿಂತು ‘ಗುಡ್ಡು ಮಾರ್ನಿಂಗು’ ಎಂದಾಗ ಇಡೀ ಕ್ಲಾಸ್ ನಕ್ಕದ್ದು ಈಗಲೂ ಕಿವಿಯಲ್ಲಿದೆ. ಅವತ್ತೇ ಪಣ ತೊಟ್ಟೆ. ಈ ಡೈರಿಯಲ್ಲೂ ಪದಕ್ಕೆ ಆ ಉಕಾರದ ಬಾಲ ಅಂಟಲು ನಾನು ಬಿಡುವುದಿಲ್ಲ.

ಹೊಸದಾಗಿ ಒಬ್ಬಳು ಸೇರಿದ್ದಾಳೆ. ಐದು ತುಂಬಿದ ಹುಡುಗಿ. ಅರಳು ಹುರಿದ ಹಾಗೆ ಮಾತು, ಅದಕ್ಕೇ ಮನೆಯಲ್ಲಿ ಅರಳು ಅಂತಲೇ ಕರೆಯುತ್ತಾರಂತೆ. ತಾಯಿ ಸಿಟಿ ಬಸ್ ಕಂಡಕ್ಟರ್. ಯೂನಿಫಾರ್ಮ್ ಕೂಡ ಬದಲಾಯಿಸದೆ ಬಂದಿದ್ದಳು. ದಿನವಿಡೀ ಸ್ಟಾಪ್‌ಗಳ ಹೆಸರು ಕೂಗಿ ಕೂಗಿ ಗಂಟಲು ಗೊಗ್ಗರು.

“ಮಾರ್ಚಲ್ಲಿ ದೊಡ್ಡ ಸ್ಕೂಲಿನ ಇಂಟರ್‌ವ್ಯೂ ಇದೆ ಮೇಡಮ್. ಮಕ್ಕಳನ್ನ ಇಂಗ್ಲಿಷಲ್ಲೇ ಮಾತಾಡಿಸ್ತಾರಂತೆ. ಇವಳಿಗೆ ಮಾತಿಗೇನೂ ಬರ ಇಲ್ಲ. ಸಂಜೆ ಹೊತ್ತಿಗೆ ನನ್ನ ಗಂಟಲು ಸತ್ತಿರುತ್ತೆ, ಮನೇಲಿ ನಮ್ಮಿಬ್ಬರ ಪಾಲಿನ ಮಾತೂ ಇವಳೇ ಆಡ್ತಾಳೆ. ಅದನ್ನೇ ಸ್ವಲ್ಪ ಇಂಗ್ಲಿಷ್ ಕಡೆ ತಿರುಗಿಸಿಕೊಡಿ, ಸಾಕು.”

“ನನ್ನ ಕೈಗೆ ಕೊಟ್ರಲ್ಲ, ಸೀಟ್ ಸಿಕ್ಕ ಹಾಗೇ ಅಂದ್ಕೊಳ್ಳಿ” ಎಂದೆ.

ಅಷ್ಟರಲ್ಲಿ ಅರಳು ತಲೆ ಮೇಲೆತ್ತಿ, “ಮಿಸ್ಸು, ನಿಮ್ಮ ಫ್ಯಾನು ಯಾಕೆ ಟಕಟಕ ಅನ್ನತ್ತೆ? ಅದಕ್ಕೂ ಕೆಮ್ಮಾ?” ಎಂದಳು.

ಮಿಸ್ಸು! ಬಂದ ದಿನವೇ ನನಗೇ ಬಾಲ ಅಂಟಿಸಿದಳು.

ಜನವರಿ 16

ಕತ್ತರಿ ಉಪಾಯ ಕೆಲಸ ಮಾಡುತ್ತಿದೆ. ತೋರುಬೆರಳು, ನಡುಬೆರಳು ಸೇರಿಸಿದರೆ ಕತ್ತರಿ. ಪದದ ಕೊನೆಗೆ ಉಕಾರ ಬಂತೋ, ಕಚಕ್! ಬುಕ್ಕು, ಕಚಕ್, ಬುಕ್. ಯಾರಾದರೂ ಬಾಲ ಬಿಟ್ಟರೆ ಉಳಿದವರೆಲ್ಲ ಅವರ ಮುಖದ ಮುಂದೆ ಬೆರಳು ಹಿಡಿದು ಕಚಕ್ ಅನ್ನಬೇಕು. ಮಕ್ಕಳಿಗೆ ಖುಷಿಯೋ ಖುಷಿ. ಹೆಚ್ಚು ಕಚಕ್ ತಿನ್ನುವವಳು ಅರಳುವೇ, ಹೆಚ್ಚು ಮಾತಾಡುವವಳೂ ಅವಳೇ ತಾನೆ. ಮೊದಮೊದಲು ಎಲ್ಲರ ಜೊತೆ ತಾನೂ ನಗುತ್ತಿದ್ದಳು. ಈಗ ಬಾಯಿ ತೆರೆಯುವ ಮೊದಲು ಒಂದು ಕ್ಷಣ ತಡೆದು ಯೋಚಿಸುತ್ತಾಳೆ. ಒಳ್ಳೆಯ ಲಕ್ಷಣ.

ನಮ್ಮಮ್ಮನದೇ ತಲೆನೋವು. ಕ್ಲಾಸ್ ನಡೆಯುವಾಗ ಅಡುಗೆಮನೆಯಿಂದ, “ಲೈಟು ಆರಿಸ್ಲೇನೇ?” ಎಂದು ಕೂಗಿದಳು. ಮಕ್ಕಳೆಲ್ಲ ಅಡುಗೆಮನೆಯತ್ತ ಬೆರಳು ಚಾಚಿ ಕಚಕ್ ಎಂದವು. ಒಬ್ಬನ ತಾಯಿ ಬಾಗಿಲಲ್ಲೇ ನಿಂತಿದ್ದಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಆಮೇಲೆ ಅಮ್ಮನನ್ನು ಕೂರಿಸಿಕೊಂಡು, “ಲೈಟ್ ಅನ್ನಮ್ಮ, ಲೈಟು ಅಲ್ಲ” ಎಂದೆ.

“ಯಾವುದನ್ನ ಆರಿಸಿದ್ರೆ ಬಿಲ್ಲು ಕಮ್ಮಿ ಬರುತ್ತೆ, ಅದನ್ನ ಹೇಳು” ಎಂದಳು.

ನಗು ಬಂದರೂ ನಗಲಿಲ್ಲ. ಕ್ಲಾಸ್ ಮುಗಿಯುವವರೆಗೆ ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡಿರು ಎಂದೆ. ಸರಿ ಕಣೇ ಅಂದಳು.

ಜನವರಿ 30

ಇವತ್ತು ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ಅರಳು ಗುಟ್ಟು ಹೇಳುವವಳ ಹಾಗೆ ನನ್ನ ಕಿವಿಯ ಹತ್ತಿರ ಬಂದು, “ಮಿಸ್, ನಂಗೆ ಗೊತ್ತಾಗೋಯ್ತು. ಹಾಲು, ಕಚಕ್, ಹಾಲ್. ಕಾಲು, ಕಚಕ್, ಕಾಲ್. ಬೇಕು, ಕಚಕ್, ಬೇಕ್! ಎಲ್ಲಾ ಇಂಗ್ಲಿಷ್ ಆಗೋಯ್ತು!” ಎಂದಳು.

ಹಾಲ್ ಎಂದರೆ ದೊಡ್ಡ ಕೋಣೆ, ಕಾಲ್ ಎಂದರೆ ಫೋನ್ ಮಾಡುವುದು, ಬೇಕ್ ಎಂದರೆ ಕೇಕ್ ಸುಡುವುದು. ಅದೆಲ್ಲ ಅವಳಿಗೆ ಬೇಕಿಲ್ಲ. ಕನ್ನಡದ ಬಾಲ ಕತ್ತರಿಸಿದರೆ ಮಿಕ್ಕಿದ್ದೇ ಇಂಗ್ಲಿಷ್ ಎಂದು ಅವಳ ತೀರ್ಮಾನ. ತಿದ್ದಬೇಕಿತ್ತು. ಕತ್ತರಿಯ ಮೇಲೆ ಇಷ್ಟು ನಂಬಿಕೆ ಬಂದಿರುವಾಗ ಯಾಕೆ ತಲೆ ಕೆಡಿಸುವುದು ಎಂದು ‘ವೆರಿ ಗುಡ್’ ಅಂದುಬಿಟ್ಟೆ. ಸಂಜೆ ಪೋಷಕರ ಗುಂಪಿಗೂ ಈ ಜೋಕ್ ಬರೆದು ಹಾಕಿದೆ. ಎಲ್ಲರೂ ನಗುವ ಮುಖಗಳನ್ನು ಕಳಿಸಿದರು. ಕಂಡಕ್ಟರ್ ಮಾತ್ರ ಕೈಮುಗಿದ ಚಿತ್ರ ಕಳಿಸಿದ್ದಾಳೆ.

ಫೆಬ್ರವರಿ 9

ಒಳ್ಳೆಯದೂ ಆಯಿತು, ಕಿರಿಕಿರಿಯೂ ಆಯಿತು.

ಒಳ್ಳೆಯದು ಮೊದಲು. ಅರಳುವಿನ ವಿಡಿಯೋ ಮಾಡಿದೆ. ಫೋನ್ ಅನ್ನು ಡಬ್ಬಕ್ಕೆ ಒರಗಿಸಿ, ಅವಳನ್ನು ಎದುರಿಗೆ ಕೂರಿಸಿ, ಒಂದೊಂದೇ ಚಿತ್ರದ ಕಾರ್ಡ್ ಎತ್ತಿದೆ. ಕಪ್, ಪೆನ್, ಬ್ಯಾಟ್, ಡಾಗ್. ಒಂದಕ್ಕೂ ಬಾಲವಿಲ್ಲ! ಅರ್ಧ ಮುಗಿದಿತ್ತು, ಇದ್ದಕ್ಕಿದ್ದಂತೆ “ಸಾಕ್” ಎಂದಳು. ನಾನು ಆ ಕಾರ್ಡ್ ತೋರಿಸಿಯೇ ಇರಲಿಲ್ಲ. ಹಿಂದಿನ ದಿನ ಹೇಳಿಕೊಟ್ಟಿದ್ದ ಕಾಲುಚೀಲದ ಚಿತ್ರ, ತಾನಾಗಿಯೇ ನೆನಪಿಟ್ಟುಕೊಂಡಿದ್ದಾಳೆ. ಕಾರ್ಡ್ ಹುಡುಕಿ ತೆಗೆದು, ಚಪ್ಪಾಳೆ ತಟ್ಟಿ, ‘ಎಸ್! ಸಾಕ್!’ ಎಂದೆ. ಮತ್ತೆ “ಸಾಕ್, ಮಿಸ್, ಸಾಕ್” ಎಂದಳು. ಹೊಗಳಿಕೆಯ ರುಚಿ ಹತ್ತಿತು ನೋಡಿ. ಬಿಡದೆ ಕಟ್ಟು ಪೂರ್ತಿ ಮುಗಿಸಿದೆ.

ಕಿರಿಕಿರಿ ಆಮೇಲಿನದು. ಫೋನ್ ಎತ್ತಿಕೊಂಡು ನೋಡುತ್ತೇನೆ, ಚಾಪೆ ಒದ್ದೆ. ಉಳಿದ ಮಕ್ಕಳು ಮೂಗು ಮುಚ್ಚಿಕೊಂಡು ದೂರ ಸರಿದವು. ಮಾತಿನ ಮಲ್ಲಿಯಾದ ಇವಳಿಗೆ ಬಾತ್‌ರೂಮಿಗೆ ಹೋಗಬೇಕು ಅನ್ನಲು ಬಾಯಿ ಇರಲಿಲ್ಲವೇ? ಅವಳು ಅಳಲಿಲ್ಲ. ಒದ್ದೆಯ ಮೇಲೇ ಕೂತು ಬೋರ್ಡ್ ನೋಡುತ್ತಿದ್ದಳು.

ತಾಯಿ ಬಂದಾಗ, “ಇಷ್ಟು ದೊಡ್ಡ ಹುಡುಗಿ, ಅಷ್ಟೂ ಅಭ್ಯಾಸ ಮಾಡ್ಸಿಲ್ವಾ?” ಎಂದೆ. ಬಾಗಿಲಲ್ಲಿ ಬೇರೆ ಪೋಷಕರೂ ಇದ್ದರು. ಅವಳು ಮುಖ ಕೆಂಪಗೆ ಮಾಡಿಕೊಂಡು, “ತಪ್ಪಾಯ್ತು ಮೇಡಮ್. ಒಗೆದು ತಂದುಕೊಡ್ತೀನಿ” ಎಂದು ಚಾಪೆ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಳು. ಇನ್ನೊಂದು ಕೈಯಲ್ಲಿ ಮಗಳ ರಟ್ಟೆ ಹಿಡಿದು ಎಳೆದುಕೊಂಡು ಹೋದಳು.

ಫೆಬ್ರವರಿ 12

ಪೋಷಕರ ಗುಂಪಿಗೆ ಹಾಕಿದ ವಿಡಿಯೋಗೆ ಹೊಗಳಿಕೆಯ ಸುರಿಮಳೆ. ಯಾರ್ಯಾರಿಗೋ ಹೋಗಿ, ಎಲ್ಲೆಲ್ಲಿಂದಲೋ ಫೋನ್ ಬರುತ್ತಿದೆ. ಸಂಜೆ ಇನ್ನೊಂದು ಬ್ಯಾಚ್ ಮಾಡಿ ಎನ್ನುತ್ತಿದ್ದಾರೆ.

ಚಾಪೆ ವಾಪಸ್ ಬಂತು. ಸೋಪಿನ ವಾಸನೆ ಘಮ್ಮೆನ್ನುತ್ತಿದೆ. ನಾನು ಅದನ್ನು ಅಷ್ಟು ಚೆನ್ನಾಗಿ ಯಾವತ್ತೂ ಒಗೆದಿರಲಿಲ್ಲ.

ಫೆಬ್ರವರಿ 20

ಅರಳು ಹಟ ಹಿಡಿದಿದ್ದಾಳೆ. ಕಾರ್ಡ್ ತೋರಿಸಿದರೆ ನೋಡುತ್ತಾಳೆ, ತುಟಿ ಬಿಚ್ಚುವುದಿಲ್ಲ. ಮಾತಾಡು ಎಂದರೆ ತನ್ನ ಬೆರಳಿನ ಕತ್ತರಿಯನ್ನು ಬಾಯಿಗೆ ಅಡ್ಡ ಹಿಡಿಯುತ್ತಾಳೆ. ಹೆಸರೇನು ಎಂದು ಕೇಳಿದೆ. ಬಹಳ ಹೊತ್ತು ಬಿಟ್ಟು, “ಅರಳ್” ಎಂದಳು. ಅಷ್ಟೇ.

ತಾಯಿಯನ್ನು ಕೇಳಿದರೆ ಮನೆಯಲ್ಲೂ ಇದೇ ಕಥೆ.

“ಗಡಿಯಾರದ ಸದ್ದು ಕೇಳಿಸ್ತಿದೆ ಮೇಡಮ್. ಇಷ್ಟು ದಿನ ನಮ್ಮ ಗಡಿಯಾರ ಸದ್ದು ಮಾಡುತ್ತೆ ಅಂತಲೇ ನನಗೆ ಗೊತ್ತಿರಲಿಲ್ಲ. ನನ್ನ ಕೈಲೂ ಆಗಲ್ಲ, ಅವಳೂ ಆಡಲ್ಲ. ಇಬ್ಬರೂ ಮುಖ ಮುಖ ನೋಡ್ಕೊಂಡು ಉಣ್ತೀವಿ. ಅವತ್ತು ಚಾಪೆ ವಿಷಯಕ್ಕೆ ಎರಡು ಬಿಟ್ಟಿದ್ದೆ, ಅದಕ್ಕೇ ಇರಬೇಕಾ?”

“ಇರಬಹುದು” ಎಂದೆ. “ಯಾವುದಕ್ಕೂ ಒಂದ್ಸಲ ಕಿವಿ ಡಾಕ್ಟರಿಗೆ ತೋರಿಸಿ.”

ಇಂಟರ್‌ವ್ಯೂ ಹತ್ತಿರ ಬರುತ್ತಿದೆ. ಎಲ್ಲರೂ ಇವಳ ವಿಡಿಯೋ ನೋಡಿದ್ದಾರೆ. ಸೀಟ್ ಸಿಗದಿದ್ದರೆ ನನ್ನ ಮರ್ಯಾದೆ ಏನಾಗಬೇಕು?

ಫೆಬ್ರವರಿ 23

ಕಿವಿ ಸರಿಯಾಗಿದೆಯಂತೆ. ಗಂಟಲೂ ಸರಿಯಾಗಿದೆಯಂತೆ.

ಫೆಬ್ರವರಿ 27

ಬರೆಯಲು ಕೈ ಏಳುತ್ತಿಲ್ಲ. ಆದರೂ ಬರೆಯುತ್ತೇನೆ.

ಮಧ್ಯಾಹ್ನ ಊಟವಾದ ಮೇಲೆ ಅಮ್ಮ, “ಊರೆಲ್ಲ ನೋಡಿದ್ದಂತೆ, ನನಗೂ ತೋರಿಸೇ ಆ ವಿಡಿಯೋನ” ಎಂದಳು. ಕ್ಲಾಸ್ ಹೊತ್ತಲ್ಲಿ ಹಿಂದಿನ ಕೋಣೆಯಲ್ಲೇ ಇರುತ್ತಾಳಲ್ಲ, ಅರಳುವನ್ನು ಅವಳು ಸರಿಯಾಗಿ ನೋಡಿಯೇ ಇರಲಿಲ್ಲ. ಫೋನ್ ಕೈಗೆ ಕೊಟ್ಟೆ. ಕನ್ನಡಕ ಏರಿಸಿಕೊಂಡು ಮೊದಲು ನಗುತ್ತಾ ನೋಡಿದಳು. ಆಮೇಲೆ ನಗು ನಿಂತಿತು.

“ಅಲ್ವೇ, ಆ ಮಗು ಸಾಕು ಸಾಕು ಅಂತಿದೆಯಲ್ಲೇ. ಇನ್ನೂ ಯಾಕೆ ಗೋಳು ಹೊಯ್ಕೊಳ್ತಿದೀಯ?”

“ಸಾಕು ಅಲ್ಲಮ್ಮ, ಸಾಕ್. ಕಾಲುಚೀಲ. ಅದು ಇಂಗ್ಲಿಷ್.”

“ಯಾವ ಕಾಲುಚೀಲಾನೇ? ಮುಖ ನೋಡೇ ಅದರದು.”

ನೋಡಿದೆ. ನಾನು ಅಲ್ಲಿಯವರೆಗೆ ವಿಡಿಯೋದಲ್ಲಿ ಬಾಯಿ ಮಾತ್ರ ನೋಡಿದ್ದೆ. ಮೊಣಕಾಲು ಎರಡನ್ನೂ ಒತ್ತಿ ಹಿಡಿದುಕೊಂಡು ಕೂತಿದ್ದಾಳೆ. ಕಣ್ಣು ಬಾತ್‌ರೂಮಿನ ಬಾಗಿಲ ಕಡೆಗೆ, ಅಲ್ಲಿಂದ ಬೋರ್ಡ್ ಕಡೆಗೆ. ಇಲ್ಲಿ ಇಂಗ್ಲಿಷ್ ಮಾತ್ರ. ಮಡಿಲಲ್ಲಿ ಒಂದು ಕೈ ಕತ್ತರಿ ಆಡಿಸುತ್ತಿದೆ. ಸಾಕು, ಕಚಕ್, ಸಾಕ್. ನಾನು ಕಲಿಸಿದ ಹಾಗೆಯೇ ಬಾಲ ಕತ್ತರಿಸಿ, ನನಗೆ ಅರ್ಥವಾಗುವ ಇಂಗ್ಲಿಷಿನಲ್ಲಿ, ಸಾಕು ಮಿಸ್ ಸಾಕು ಎಂದು ಬೇಡಿಕೊಂಡಿದ್ದಾಳೆ. ನಾನು ಚಪ್ಪಾಳೆ ತಟ್ಟಿದ್ದೇನೆ. ಕಾಲುಚೀಲದ ಕಾರ್ಡ್ ಅವಳ ಮೂಗಿನ ಮುಂದೆ ಹಿಡಿದಿದ್ದೇನೆ.

ಹಾಲು, ಕಾಲು, ಬೇಕು ಎಂದು ಕಿವಿಯಲ್ಲಿ ಬಂದು ಹೇಳಿದ್ದಳಲ್ಲ. ಅವತ್ತೇ ನನ್ನ ತಲೆಗೆ ಹೊಳೆಯಬೇಡವೇ? ಕೇಳಿಸಿಕೊಂಡು ಜೋಕ್ ಮಾಡಿದೆ.

ಆ ಚಾಪೆಯನ್ನು ಅವಳಮ್ಮ ಕಂಕುಳಲ್ಲಿಟ್ಟುಕೊಂಡು ಹೋದದ್ದು ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ನಾಚಿಕೆಯಾಗುತ್ತಿದೆ. ಅಮ್ಮನ ಮುಖ ನೋಡಲೂ ನಾಚಿಕೆ. ಫೋನನ್ನು ಕವುಚಿ ಹಾಕಿ ಬಟ್ಟೆಯ ಕೆಳಗೆ ಇಟ್ಟಿದ್ದೇನೆ.

ಫೆಬ್ರವರಿ 28

ನಾಳೆ ಹೇಳುತ್ತೇನೆ.

ಮಾರ್ಚ್ 1

ಹೇಳಲಿಲ್ಲ. ಕಂಡಕ್ಟರ್ ಬಾಗಿಲಲ್ಲೇ ಇದ್ದರು, ನಾನೂ ಅಲ್ಲೇ ಇದ್ದೆ. “ಸ್ವಲ್ಪ ಗಾಳಿಗೆ ಕರ್ಕೊಂಡು ಹೋಗಿ, ಸರಿ ಹೋಗ್ತಾಳೆ” ಎಂದೆ. ಎಷ್ಟು ಸಲೀಸಾಗಿ ಬಂತು ಬಾಯಿಗೆ.

ಗುಂಪಿನಿಂದ ವಿಡಿಯೋ ಅಳಿಸಿದೆ. ಕೂಡಲೇ ಒಬ್ಬರು, ಅಯ್ಯೋ ಯಾಕೆ ತೆಗೆದಿರಿ, ನನ್ನ ಹತ್ತಿರ ಇದೆ ಎಂದು ವಾಪಸ್ ಹಾಕಿದರು. ಎಲ್ಲರೂ ಮತ್ತೆ ಹೊಗಳಿದರು. ಮುಖ ಎಲ್ಲಿ ಬಚ್ಚಿಟ್ಟುಕೊಳ್ಳಲಿ?

ಮಾರ್ಚ್ 3

ಕತ್ತರಿ ಆಟ ನಿಲ್ಲಿಸಿದೆ. ಯಾಕೆ ಮಿಸ್ ಎಂದು ಮಕ್ಕಳು ಕೇಳಿದವು. ಕತ್ತರಿ ಮೊಂಡಾಯಿತು ಎಂದೆ. ಅರಳು ನನ್ನನ್ನೇ ನೋಡುತ್ತಿದ್ದಳು. ಅವಳನ್ನು ಪಕ್ಕಕ್ಕೆ ಕರೆದು ಏನಾದರೂ ಹೇಳೋಣ ಎಂದುಕೊಂಡೆ. ಬದಲಿಗೆ ಒಂದು ಬಣ್ಣದ ಪೆನ್ಸಿಲ್ ಕೊಟ್ಟೆ. ಅವಳು ತೆಗೆದುಕೊಂಡು, ಹೋಗುವಾಗ ಚಾಪೆಯ ಮೇಲೆ ಇಟ್ಟು ಹೋದಳು.

ಮಾರ್ಚ್ 7

ಇಂಟರ್‌ವ್ಯೂ ಮುಗಿಯಿತು. ಸೀಟು ಸಿಗಲಿಲ್ಲ.

ಸಂಜೆ ತಾಯಿ ಮಗಳು ಬಂದರು. ಸಮಾಧಾನ ಹೇಳಲು ನಾನು ಬಾಯಿ ತೆರೆಯುವ ಮೊದಲೇ ಕಂಡಕ್ಟರು ಕೈಮುಗಿದರು.

“ನಿಮ್ಮ ಹೆಸರಿಗೆ ಮಸಿ ಬಳಿದ್ಲು ಮೇಡಮ್. ಅಷ್ಟು ಕಷ್ಟಪಟ್ಟು ಕಲಿಸಿದ್ರಿ. ಅವರು ಹೆಸರು ಕೇಳಿದ್ರು, ಸುಮ್ಮನಿದ್ಲು. ಬಣ್ಣ ಕೇಳಿದ್ರು, ಸುಮ್ಮನಿದ್ಲು. ನಾನೇ ಫೋನ್ ತೆಗೆದು ವಿಡಿಯೋ ತೋರಿಸ್ದೆ, ನೋಡಿ ಮೇಡಮ್, ಇವಳಿಗೆ ಬರುತ್ತೆ, ನಮ್ಮ ಟೀಚರ್ ಕಲಿಸಿದಾರೆ ಅಂತ. ಅವರೂ ನೋಡಿ ಚೆನ್ನಾಗಿದೆ ಅಂದ್ರು. ಆದ್ರೆ ಇವಳು ಮೇಜಿನ ಕೆಳಗೆ ಹೋಗಿ ಕೂತ್ಕೊಂಡ್ಬಿಟ್ಲು.”

ತನ್ನದೇ ದನಿ ಫೋನಿನಿಂದ ಸಾಕ್ ಸಾಕ್ ಎನ್ನುವುದನ್ನು ಅಲ್ಲಿ ಕೂತು ಮತ್ತೆ ಕೇಳಿದಳಲ್ಲ. ಅಲ್ಲಿ ಕೂಡ ಯಾರಿಗೂ ತಿಳಿಯಲಿಲ್ಲ.

“ನನ್ನ ಮೇಲೆ ಬೇಜಾರು ಮಾಡ್ಕೋಬೇಡಿ” ಎಂದರು ಅವರು. ನನಗೆ! ನಾನು ತಲೆಯಾಡಿಸಿ ಒಳಗೆ ಬಂದೆ. ಛೀ.

ಅಮ್ಮ ಅನ್ನ ಬಡಿಸಿದಳು, ತಿನ್ನಲಿಲ್ಲ. “ಹೊಟ್ಟೆ ಮೇಲೆ ಯಾಕೆ ಸಿಟ್ಟು?” ಎಂದು ಕೇಳಿದಳು. ಆಮೇಲೆ, “ಬಿಸಿ ತುಪ್ಪ ಕಣೇ ಇದು, ಉಗುಳೋದಕ್ಕೂ ಆಗಲ್ಲ, ನುಂಗೋದಕ್ಕೂ ಆಗಲ್ಲ. ಆದ್ರೆ ಉಗುಳಿದ್ರೆ ನಾಲಿಗೆ ಮಾತ್ರ ಸುಡುತ್ತೆ” ಎಂದಳು.

ಮಾರ್ಚ್ 9

ಬಸ್ಸು ಹತ್ತಿದೆ. ಅವರ ಬಸ್ಸು. ಮನೆಗೆ ಹೋದರೆ ಮಗು ಇರುತ್ತದೆ, ನನ್ನ ಮನೆಗೆ ಕರೆದರೆ ಮತ್ತೆ ನಾನು ಟೀಚರು ಆಗಿಬಿಡುತ್ತೇನೆ ಎಂದು ಯೋಚಿಸಿದ್ದೆ. ಜನ ಕಿಕ್ಕಿರಿದಿದ್ದರು. “ಆಸ್ಪತ್ರೆ ಸ್ಟಾಪು, ಇಳೀರಿ, ಬೇಗ ಬೇಗ, ಮುಂದಿನದು ಮಾರ್ಕೆಟ್ಟು!” ಎಂದು ಕೂಗುತ್ತಾ ಕಂಡಕ್ಟರು ಬಂದರು. ನನ್ನನ್ನು ಕಂಡು ಮುಖ ಅರಳಿತು. “ಮೇಡಮ್, ನೀವು! ಬನ್ನಿ, ಕೂತ್ಕೊಳ್ಳಿ” ಎಂದು ಯಾರನ್ನೋ ಎಬ್ಬಿಸಲು ಹೊರಟರು.

ಬೇಡ ಎಂದೆ. ನಿಂತುಕೊಂಡೇ, ಕಂಬಿ ಹಿಡಿದುಕೊಂಡೇ ಎಲ್ಲ ಹೇಳಿದೆ. ಕತ್ತರಿ, ಬೋರ್ಡು, ಸಾಕ್ ಅಂದರೆ ಸಾಕು ಅಂತ, ಚಾಪೆ ಯಾಕೆ ಒದ್ದೆಯಾಯಿತು ಅಂತ, ಎಲ್ಲ ಗೊತ್ತಾದ ಮೇಲೂ ಗಾಳಿಗೆ ಕರೆದುಕೊಂಡು ಹೋಗಿ ಅಂದೆ ಅಂತ. ಪಕ್ಕದವರು ಕಿವಿ ಕೊಟ್ಟು ಕೇಳುತ್ತಿದ್ದರು. ಕೇಳಲಿ.

ಅವರು ಟಿಕೆಟ್ ಹರಿಯುತ್ತಲೇ ಇದ್ದರು. ಒಂದು ಸಲವೂ ನನ್ನತ್ತ ನೋಡಲಿಲ್ಲ. ಮಾರ್ಕೆಟ್ ಬಂತು, ಕೂಗಲೇ ಇಲ್ಲ. ಜನ ತಾವಾಗಿಯೇ ಬಾಗಿಲು ಬಡಿದು ಇಳಿದರು.

“ಅವತ್ತು ಹೊಡೆದೆ ನಾನು ಅವಳಿಗೆ” ಎಂದರು ಕೊನೆಗೆ. “ದಾರಿ ಉದ್ದಕ್ಕೂ ಕೇಳ್ದೆ, ಯಾಕೆ ಹೇಳಲಿಲ್ಲ, ಯಾಕೆ ಹೇಳಲಿಲ್ಲ ಅಂತ. ಹೇಳಿದೀನಿ ಅಂದ್ಲು ಮೇಡಮ್. ಸುಳ್ಳು ಬೇರೆ ಹೇಳ್ತೀಯಾ ಅಂತ ಇನ್ನೊಂದು ಕೊಟ್ಟೆ.”

ಕ್ಷಮಿಸಿ ಎಂದೆ.

“ನನಗೆ ಹೇಳಿದ್ರೆ ಏನು ಬಂತು? ಅವಳಿಗೆ ಹೇಳಿ. ನಾನೂ ಹೇಳ್ಬೇಕು. ನಾಳೆ ರಜಾ ಇದೆ, ಬನ್ನಿ. ಈಗ ಇಳೀರಿ.”

ಅದು ನನ್ನ ಸ್ಟಾಪು ಆಗಿರಲಿಲ್ಲ. ಇಳಿದು ಮನೆಯವರೆಗೂ ನಡೆದುಕೊಂಡು ಬಂದೆ.

ಮಾರ್ಚ್ 10

ಬೆಳಿಗ್ಗೆ ಬಾಗಿಲಿನ ಬೋರ್ಡು ತೆಗೆದು ಒಲೆಯ ಹಿಂದೆ ಸಿಕ್ಕಿಸಿದೆ. ಅಮ್ಮ ಮುಂದಿನ ಕೋಣೆಯ ಸೋಫಾದಲ್ಲಿ ಕಾಲು ಚಾಚಿ ಕೂತು ಬಟಾಣಿ ಬಿಡಿಸುತ್ತಿದ್ದಳು. “ಫ್ಯಾನು ಹಾಕಿ ಹೋಗೇ” ಎಂದಳು. ಫ್ಯಾನು ಹಾಕಿ ಹೊರಟೆ.

ಒಂದೇ ಕೋಣೆಯ ಮನೆ. ಗಡಿಯಾರದ ಸದ್ದು ನಿಜವಾಗಿಯೂ ಜೋರಾಗಿತ್ತು. ಕಂಡಕ್ಟರು ಸ್ಟೂಲು ಕೊಟ್ಟರು, ನಾನು ನೆಲದ ಮೇಲೆ ಕೂತೆ. ಅರಳು ಮೂಲೆಯಲ್ಲಿ ಟಿಕೆಟ್ ಕಟ್ಟಿನ ಖಾಲಿ ರಟ್ಟುಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದಳು. ಅವಳಮ್ಮ ಅವಳಿಗೆ ಆಗಲೇ ತಪ್ಪಾಯ್ತು ಎಂದು ಹೇಳಿದ್ದರು ಅನ್ನಿಸುತ್ತದೆ, ಕಣ್ಣು ಊದಿತ್ತು, ತಾಯಿಯದು.

“ಅರಳು” ಎಂದೆ. ಬಾಲ ಸಮೇತ. ಅವಳು ನನ್ನ ಬೆರಳುಗಳನ್ನು ನೋಡಿದಳು. ನಾನು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡೆ.

“ನೀನು ಅವತ್ತು ಸಾಕು ಅಂತ ಹೇಳ್ದೆ. ಸರಿಯಾಗೇ ಹೇಳ್ದೆ ಕಂದ. ನಂಗೇ ಕೇಳಿಸಲಿಲ್ಲ. ತಪ್ಪು ನಿಂದಲ್ಲ, ನಂದು. ಅಮ್ಮ ಹೊಡೆದಿದ್ದೂ ನನ್ನಿಂದಲೇ. ನಿಂಗೆ ಬಾತ್‌ರೂಮಿಗೆ ಹೋಗಬೇಕಿತ್ತು, ನಾನು ಬಿಡಲಿಲ್ಲ. ಎಲ್ಲರ ಮುಂದೆ ನಿಂಗೆ ನಾಚಿಕೆ ಆಯ್ತು. ನಾನು ಚಪ್ಪಾಳೆ ಬೇರೆ ತಟ್ಟಿದೆ. ಆ ವಿಡಿಯೋನ ಎಲ್ಲರಿಗೂ...”

ಶುರುವಾದದ್ದು ನಿಲ್ಲಲಿಲ್ಲ. ಬಸ್ಸಲ್ಲಿ ಬಾರದ ಅಳು ಇಲ್ಲಿ ಬಂತು. ಮೂಗು ಒರೆಸಿಕೊಳ್ಳುತ್ತಾ ಮೊದಲಿನಿಂದ ಮತ್ತೆ ಹೇಳಿದೆ, ಕಾರ್ಡು, ಕತ್ತರಿ, ಚಾಪೆ, ತಪ್ಪಾಯ್ತು, ತಪ್ಪಾಯ್ತು ಎಂದು. ಅವಳು ರಟ್ಟು ಕೆಳಗಿಟ್ಟು ಎದ್ದು ಬಂದಳು. ನನ್ನ ಮುಂದೆ ನಿಂತು, ನನ್ನ ಮುಖವನ್ನೇ ನೋಡಿದಳು. ಆಮೇಲೆ ಅಂಗೈಯನ್ನು ನನ್ನ ಬಾಯಿಯ ಮೇಲೆ ಇಟ್ಟಳು.

“ಸಾಕು ಮಿಸ್ಸು” ಎಂದಳು.

ನಿಲ್ಲಿಸಿದೆ.